ಬಾಯಿ ನೋಡಿ ಕೇಳುವ ಹುಡುಗಿ

ನಮ್ಮ ಮನೆಯಲ್ಲಿ ಯಾರನ್ನೂ ಬೆನ್ನ ಹಿಂದಿನಿಂದ ಕೂಗಿ ಕರೆಯುವ ರೂಢಿ ಇಲ್ಲ. ಹೋಗಿ ಭುಜ ಮುಟ್ಟಬೇಕು, ಅವರು ತಿರುಗಬೇಕು, ಆಮೇಲೆ ಮಾತು. ನಾನು ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿಗೆ ದುಡಿಯಲು ಹೋದವಳು. ನನ್ನ ಅತ್ತೆಯೂ ಅಲ್ಲೇ, ಗಂಡನೂ ಅಲ್ಲೇ. ಯಂತ್ರ ಶುರುವಾದರೆ ಒಳಗೆ ನಿಂತವರಿಗೆ ಪಕ್ಕದವರ ಚೀರಾಟವೂ ಕೇಳುವುದಿಲ್ಲ. ಅಲ್ಲಿ ಮಾತೆಲ್ಲ ತುಟಿಯಲ್ಲಿ, ಹುಬ್ಬಿನಲ್ಲಿ, ಬೆರಳಿನಲ್ಲಿ. ಯಂತ್ರಗಳ ಆಚೆ ನಿಂತವಳು ತುಟಿ ಆಡಿಸಿದರೆ ಸಾಕು, ಅವಳ ಮನೆಯಲ್ಲಿ ಇವತ್ತು ಏನು ಪಲ್ಯ, ಅವಳ ನಾದಿನಿ ಎಂಥ ಘಾಟಿ, ಎಲ್ಲ ನಮಗೆ ತಿಳಿಯುತ್ತಿತ್ತು. ನಮ್ಮ ಮೇಲೆ ಕಣ್ಣಿಡುವ ಜಾಬರ ಬರುತ್ತಿದ್ದಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಕೊನೆಯ ಯಂತ್ರ ಮುಟ್ಟುತ್ತಿತ್ತು. ಒಂದು ಕಟ್ಟಳೆ ಇತ್ತು. ಮುಖದ ಮುಂದೆ ನಿಂತು ಯಾರಾದರೂ ಮಾತಾಡಿದರೆ ಉತ್ತರ ಕೊಡಲೇಬೇಕು. ಕೇಳಲಿಲ್ಲ ಎನ್ನುವಂತಿಲ್ಲ. ಅಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಗಂಡ ಹೋದ. ರೂಢಿ ಹೋಗಲಿಲ್ಲ. ನನ್ನ ಬಲಗಿವಿ ಈಗ ಮಂದ. ಎಡಗಿವಿ ಚೆನ್ನಾಗಿದೆ. ಈ ಎಡಗಿವಿಯ ಮಾತು ಕೊನೆಗೆ ಮತ್ತೆ ಬರುತ್ತದೆ.

ನನ್ನ ಮಗಳನ್ನು ಮೂಡಲಗಿಗೆ ಕೊಟ್ಟಿದ್ದೇವೆ. ಎರಡನೆಯ ಹೆರಿಗೆಯ ಹೊತ್ತಿಗೆ ದೊಡ್ಡ ಕೂಸನ್ನು ತಂದು ನನ್ನ ಹತ್ತಿರ ಬಿಟ್ಟಳು. ಹುಡುಗಿಗೆ ಆಗ ಮಾತು ಕಲಿಯುವ ವಯಸ್ಸು. ಬಾಣಂತನ ಮುಗಿಯುವವರೆಗೆ ಎಂದು ಬಿಟ್ಟದ್ದು, ಇಲ್ಲೇ ಉಳಿದಳು. ಮಗಳಿಗೆ ಅನುಕೂಲ ಆಯಿತು ಎಂದು ನಾನು ಮಂದಿಗೆ ಹೇಳಿದ್ದೇನೆ. ಖರೆ ಹೇಳಬೇಕೆಂದರೆ ನನಗೇ ಬೇಕಾಗಿತ್ತು. ಒಬ್ಬಳೇ ಉಣ್ಣಲು ಬೇಸರವಾಗಿತ್ತು.

ಹುಡುಗಿ ಮಾತು ಕಲಿತದ್ದು ನನ್ನಿಂದ. ಅವಳನ್ನು ತೊಡೆಯ ಮೇಲೆ ಎದುರಿಗೆ ಕೂರಿಸಿಕೊಂಡು, ನಮ್ಮ ಗಿರಣಿಯ ಹೆಂಗಸರಂತೆ ಬಾಯಿ ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದೆ. ಅವಳು ನನ್ನ ತುಟಿಯನ್ನು ನೋಡುತ್ತಿದ್ದಳು. ಕೆಲವು ಅಕ್ಷರ ನಾಲಿಗೆಗೆ ಹತ್ತುತ್ತಿರಲಿಲ್ಲ, ದನಿ ತುಸು ಜೋರು. ಹಲ್ಲು ಬಿದ್ದು ಬಂದರೆ ಸರಿಹೋಗುತ್ತದೆ ಎಂದುಕೊಂಡೆ. ಒಮ್ಮೆ ಜ್ವರ ಬಂದು ಕಿವಿ ಸೋರಿತು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟೆ. ಸೋರುವುದು ನಿಂತಿತು. ನಿಂತಿತಲ್ಲ ಎಂದು ಮರೆತೆ.

ಸಾಲಿಗೆ ಹಾಕುವ ಮುಂಚೆ ಒಮ್ಮೆ ಮಗಳು ಬಂದಿದ್ದಳು. ಹುಡುಗಿ ಹೊರಗೆ ನಮಗೆ ಬೆನ್ನು ಮಾಡಿ ಕಲ್ಲು ಆಡುತ್ತಿದ್ದಳು. ಮಗಳು ಒಳಗಿನಿಂದ ಕರೆದಳು. ಮತ್ತೆ ಕರೆದಳು. ಹುಡುಗಿ ಕಲ್ಲು ಆಡುತ್ತಲೇ ಇದ್ದಳು.

"ಯವ್ವಾ, ಇಕಿಗಿ ಕೇಳಸಾಕತ್ತಿಲ್ಲ," ಎಂದಳು ಮಗಳು.

"ನೀ ಇಲಿ ಹಂಗ ಚೀಂವ್ ಅಂದ್ರ ಯಾರಿಗಿ ಕೇಳಸ್ತೈತಿ?"

"ಇಷ್ಟ ದೊಡ್ಡ ದನಿ ತಗದ ಕರದ್ನೆಲ್ಲಬೇ. ಮೂಡಲಗಿಗಿ ಬಂದಾಗೂ ಹಿಂಗ ಮಾಡತಾಳ. ಅಡಗಿಮನ್ಯಾಗಿಂದ ಕರದ್ರ ಓ ಅನ್ನಂಗಿಲ್ಲ. ನಮ್ಮತ್ತಿ ಹುಡುಗಿಗಿ ಸೊಕ್ಕ ಬಾಳ ಅಂತಾರ."

"ನಿಮ್ಮತ್ತಿಗಿ ಮಂದಿ ಸೊಕ್ಕ ಬಿಟ್ರ ಬ್ಯಾರೆ ಏನ ಕಾಣತೈತಿ? ನೋಡಿಲ್ಲೆ ಈಗ."

ನಾನು ಹೊರಗೆ ಹೋಗಿ ಹುಡುಗಿಯ ಎದುರಿಗೆ ಕುಕ್ಕರಗಾಲಲ್ಲಿ ಕುಳಿತೆ. "ಚಾ ಕುಡಿತೀಯೇನವಾ?" ಎಂದೆ.

"ಬ್ಯಾಡ. ಬೆಲ್ಲಾ ಕೊಡು," ಎಂದಳು.

ಮಗಳ ಕಡೆ ತಿರುಗಿ, "ನೋಡಿದಿ?" ಎಂದೆ. ಮಗಳು ಬೆಲ್ಲ ತರಲು ಎದ್ದಳು. ನಾನು ಎದುರಿಗೆ ಹೋಗಿ ಕುಳಿತದ್ದನ್ನು ಅವಳು ಗಮನಿಸಲಿಲ್ಲ. ನಾನು ಗಮನಿಸಿದೆ. ಗಮನಿಸಿ ನುಂಗಿಕೊಂಡೆ. ಕೇಳುವುದಿಲ್ಲ ಎಂದು ಒಪ್ಪಿಕೊಂಡರೆ ದವಾಖಾನೆ, ಅವಳ ಅತ್ತೆಯ ಬಾಯಿ, ಕಡೆಗೆ ಹುಡುಗಿಯನ್ನು ಮೂಡಲಗಿಗೆ ಕರೆದುಕೊಂಡು ಹೋಗುವುದು, ಎಲ್ಲ ಒಂದರ ಹಿಂದೆ ಒಂದು ಬರುತ್ತಿತ್ತು.

ಸರಕಾರಿ ಸಾಲಿಗೆ ಹಾಕಿದೆವು. ಮೊದಮೊದಲು ತೊಂದರೆ ಕಾಣಲಿಲ್ಲ. ಆಗ ಇದ್ದ ಅಕ್ಕೋರು ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಕೈ ಕುಣಿಸಿ ಹಾಡು ಹೇಳಿಸಿ ಕಲಿಸುತ್ತಿದ್ದರು. ನಮ್ಮ ಹುಡುಗಿಗೆ ಅಷ್ಟು ಸಾಕಿತ್ತು. ಮೂರನೆಯ ಇಯತ್ತೆಗೆ ಬೇರೆ ಅಕ್ಕೋರು ಬಂದರು. ಒಳ್ಳೆಯವರು, ಪಾಠ ಬಿಡುವವರಲ್ಲ. ಬೋರ್ಡಿನ ಮೇಲೆ ಬರೆಯುತ್ತ ಬೋರ್ಡಿಗೇ ಮಾತಾಡುವವರು. ನಮ್ಮ ಹುಡುಗಿ ಎತ್ತರ ಎಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು.

ಒಂದು ದಿನ ನನ್ನನ್ನು ಕರೆಸಿದರು. "ಆಯಿ, ನಾ ಹೇಳೂದೊಂದು, ಇಕಿ ಬರಿಯೂದೊಂದು. ಒಮ್ಮೊಮ್ಮೆ ಕರದ್ರೂ ನೋಡಂಗಿಲ್ಲ. ನನಗ ಇಕಿ ಕಿವೀದ ಸಂಶೆ ಐತ್ರಿ. ಗೋಕಾಕದಾಗ ಇಂಥಾ ಮಕ್ಕಳ ತಪಾಸಣಿ ಶಿಬಿರ ಐತಿ. ಕರಕೊಂಡ ಹೋಗಿ ತೋರಿಸ್ಕೊಂಡ ಬರ್ರಿ."

ನೋಡಿ, ಅಕ್ಕೋರು ಸರಿಯಾಗಿಯೇ ಹಿಡಿದಿದ್ದರು. ಹಾದಿಯನ್ನೂ ತೋರಿಸಿದ್ದರು. ಈಗಿನ ಕಾಲದಲ್ಲಿ ಸಾಲಿಯವರು ಏನೂ ನೋಡುವುದಿಲ್ಲ ಎಂದು ಬೈಯುವ ಮಂದಿ ಬಹಳ. ನನಗೆ ಹಾಗೆ ಬೈಯುವ ಬಾಯಿ ಇಲ್ಲ.

ಶಿಬಿರಕ್ಕೆ ಹೋದೆವು. ಒಂದು ಸಾಲಿಯ ದೊಡ್ಡ ಕೋಣೆ. ಕಾಲಿನವರು, ಕಣ್ಣಿನವರು, ಮಾತು ಬಾರದವರು, ತಾಯಂದಿರು, ಎಲ್ಲರೂ ಕಾಯುತ್ತಿದ್ದರು. ನನ್ನ ಬಾಜೂ ಕುಳಿತ ಒಬ್ಬ ಮುದುಕ ಎಲ್ಲ ತಿಳಿದವನಂತೆ ಮಾತು ತೆಗೆದ.

"ಕಿವೀದೇನ್ರಿ ನಿಮ್ಮದು? ಕಿವುಡರ ಪಟ್ಟ್ಯಾಗ ಹೆಸರ ಹತ್ತಿತಂದ್ರ ಮುಗೀತ ನೋಡ್ರಿ. ಕಿವುಡರ ಸಾಲಿ ಬ್ಯಾರೇನ ಐತಿ, ದೂರ. ಅಲ್ಲೇ ಇಟ್ಕೋತಾರ. ವರ್ಷಕ್ಕೊಮ್ಮೆ ಮಾರಿ ತೋರಸ್ತಾರ."

"ನೀವು ನೋಡಿರೇನ?" ಎಂದೆ.

"ನಾ ಯಾಕ ನೋಡ್ಲಿ? ಮಂದಿ ಅಂತಾರ."

ಮಂದಿ ಅಂತಾರೆ ಎಂಬುದನ್ನು ನಂಬುವವಳಲ್ಲ ನಾನು. ಅವತ್ತು ನಂಬಿದೆ.

ನಮ್ಮ ಸರದಿ ಬಂತು. ಒಬ್ಬ ತರುಣ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿದ. ಕೂಸು ಅಂಜಬಾರದೆಂದು ನನಗೆ ಎದುರಿಗೆ ಗೋಡೆಯ ಹತ್ತಿರ ಕೂರಲು ಹೇಳಿದ. ಅವಳ ಬೆನ್ನ ಹಿಂದೆ ತುಸು ಓರೆಯಾಗಿ ನಿಂತು, ಅವಳ ಕಡೆಗೆ ಬಾಯಿಗೆ ರಟ್ಟು ಅಡ್ಡ ಹಿಡಿದು, "ನಾ ಒಂದೊಂದ ಶಬ್ದಾ ಹೇಳತೇನಿ. ಹೇಳಿದಂಗ ನೀ ಹೇಳಬೇಕ, ಹಾಂ?" ಎಂದ. ಇದನ್ನು ಮೊದಲು ಅವಳ ಮುಂದೆ ಬಂದು ಒಮ್ಮೆ ಹೇಳಿದ್ದ, ಅವಳಿಗೆ ತಿಳಿದಿತ್ತು.

ರಟ್ಟು ಅವಳಿಗೆ ಅಡ್ಡ. ನನಗೆ ಅಡ್ಡ ಇರಲಿಲ್ಲ. ನಾನು ಕುಳಿತ ಕಡೆಯಿಂದ ಅವನ ತುಟಿ ಚೆನ್ನಾಗಿ ಕಾಣುತ್ತಿತ್ತು.

"ಮಾವು" ಎಂದ. ನನಗೆ ದನಿ ಕೇಳಲಿಲ್ಲ, ಅಷ್ಟು ಮೆಲ್ಲಗೆ ಹೇಳಿದ. ತುಟಿ ಓದಿದೆ. ಹುಡುಗಿ ಕಲ್ಲಿನಂತೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿ ಆಡಿತು. ಮಾವು.

"ಮಾವು," ಎಂದಳು ಹುಡುಗಿ.

ಬಾಯಿ ತಾನಾಗಿ ಆಡಿತು ಎಂದು ಬರೆದು ಮುಗಿಸಬಹುದು. ಅರ್ಧ ಖರೆ. ಗಿರಣಿಯಲ್ಲಿ ಜಾಬರ ಒಬ್ಬಳ ಬೆನ್ನ ಹಿಂದೆ ನಿಂತು ಏನಾದರೂ ಕೇಳಿದರೆ ಎದುರಿನವಳು ಉತ್ತರ ದಾಟಿಸುತ್ತಿದ್ದಳು. ನಮ್ಮವಳು ಸಿಕ್ಕಿಬೀಳಬಾರದು, ಅಷ್ಟೇ ನಮಗೆ ಗೊತ್ತಿದ್ದ ಧರ್ಮ. ಮೊದಲ ಮಾತಿಗೆ ಬಾಯಿ ತಾನಾಗಿ ಆಡಿತು. ಎರಡನೆಯದಕ್ಕೆ ನಾನೇ ಆಡಿಸಿದೆ. ಬಾಳೆ. ಪುಸ್ತಕ. ಅಪ್ಪ. ಆ ತರುಣ ಶಬ್ದ ಹೇಳಿದ ಕೂಡಲೆ ತಲೆ ಬಗ್ಗಿಸಿ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದ. ಒಂದು ಸಲ ತಲೆ ಎತ್ತಿದಾಗ ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ನನಗೆ ಏನು ಮಾಡುತ್ತಿದ್ದೇನೆಂದು ಗೊತ್ತಿತ್ತು.

"ಶಾಣ್ಯಾಕಿ ಅದಾಳಲ್ಲ. ಕಿವಿ ಏನೂ ಆಗಿಲ್ಲ, ಅಮ್ಮಾರ. ಹೋಗ್ರಿ," ಎಂದ.

ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ನನ್ನ ಸೆರಗು ಜಗ್ಗಿ ಕೇಳಿದಳು. "ಆಯಿ, ನಾ ಪಾಸ್ ಆದ್ನೇನ?"

"ಹೂಂ, ಪಾಸ್," ಎಂದೆ. ಕರದಂಟು ಕೊಡಿಸಿದೆ. ಬಸ್ಸಿನಲ್ಲಿ ಹಾದಿಯುದ್ದಕ್ಕೂ ಅವಳು ಅದನ್ನು ಕಡಿಯುತ್ತ ಕಿಟಕಿಯ ಹೊರಗೆ ನೋಡಿದಳು. ನನಗೆ ನಿದ್ದೆ ಬಂತು. ಅಂಥ ಕೆಲಸ ಮಾಡಿ ನಿದ್ದೆ ಹೇಗೆ ಬಂತು ಎಂದು ಯಾರಾದರೂ ಕೇಳಬಹುದು. ಬಂತು. ಗೆದ್ದಿದ್ದೆನಲ್ಲ.

ಸಾಲಿಗೆ ಸುದ್ದಿ ಮುಟ್ಟಿತು. ಕಿವಿ ಸರಿ ಇದೆಯಂತೆ. ಅಲ್ಲಿಯವರೆಗೆ ಅಕ್ಕೋರಿಗೆ ಅವಳ ಮೇಲೆ ಒಂದಿಷ್ಟು ಕರುಣೆ ಇತ್ತು, ಸಂಶಯದ ಕರುಣೆ. ಅದು ಹೋಯಿತು. ಕೇಳಿಸಿಯೂ ಮಾಡುವುದಿಲ್ಲ ಎಂದರೆ ಹಟ, ಇಲ್ಲವೇ ದಡ್ಡತನ. ಮೊದಲು ಹಟ ಎಂದರು. ಮರುವರ್ಷ ದಡ್ಡತನ ಎಂದು ತೀರ್ಮಾನವಾಯಿತು. ನಾಲ್ಕನೆಯ ಇಯತ್ತೆಯ ಹುಡುಗಿಯನ್ನು, ಎಲ್ಲರಿಗಿಂತ ಎತ್ತರದವಳನ್ನು, ಒಂದನೆಯ ಇಯತ್ತೆಯ ಚಿಕ್ಕ ಮಕ್ಕಳ ನಡುವೆ ನೆಲದ ಮೇಲೆ ಕೂರಿಸಿದರು. ಮನೆಗೆ ಬಂದವಳು ಮೂಗು ಸೋರುವ ಆ ಹುಡುಗರ ಕೂಡ ತಾನು ಕೂರುವುದಿಲ್ಲ, ನಾಳೆಯಿಂದ ಸಾಲಿಗೇ ಹೋಗುವುದಿಲ್ಲ ಎಂದು ಪಾಟಿಯನ್ನು ಮೂಲೆಗೆ ಒಗೆದಳು.

ಜಗಳಕ್ಕೆ ಹೋದೆ. ಜಗಳ ನನಗೆ ಹೊಸದಲ್ಲ. ಹೆಡ್ ಮಾಸ್ತರರ ಕೋಣೆಗೆ ನುಗ್ಗಿ, "ನನ್ನ ಮೊಮ್ಮಗಳ ಏನ ಅಂಗನವಾಡಿ ಕೂಸೇನ್ರಿ? ಯಾರನ್ನ ಕೇಳಿ ಕೆಳಗ ಕುಂದ್ರಸೀರಿ?" ಎಂದೆ.

ಅವರು ತಣ್ಣನೆಯ ಮನುಷ್ಯ. "ಕುಂದರ್ರಿ ಅವ್ವಾರ. ಹೊರಗ ಹಾಕಿಲ್ಲಲ್ಲ, ಮತ್ತ ಬುನಾದಿಯಿಂದ ಕಲಸಾಕತ್ತೇವಿ. ಕಣ್ಣ ಚೊಲೊ ಅದಾವ. ಕಿವಿ ಚೊಲೊ ಅದಾವಂತ ಶಿಬಿರದಾಗ ನಿಮ್ಮ ಮುಂದನ ಹೇಳ್ಯಾರ. ಹೌದಲ್ರಿ?"

ನಾನು ತಲೆ ಆಡಿಸಿದೆ.

"ಹಂಗಾರ ಉಳದದ್ದೇನು? ತಲಿ. ತಲೀಗಿ ನಾವೇನ ಮಾಡೂನು? ಸಾವಕಾಶ ಕಲೀಲಿ."

ಜಾಬರನ ಎದುರು ನಿಂತವಳು ನಾನು. ಅವತ್ತು ಆ ಕೋಣೆಯಿಂದ "ಹೂಂರಿ" ಎಂದು ಹೊರಗೆ ಬಂದೆ. ಅಲ್ಲೇ ಹೇಳಬಹುದಿತ್ತು. ಮನೆಗೆ ಬಂದು ಹುಡುಗಿಗೆ ಇನ್ನೊಂದು ಹೊಲಸು ಬುದ್ಧಿ ಕಲಿಸಿದೆ. "ಬಾಜೂಕಿನವರು ಏನ ಬರೀತಾರ ನೋಡಿ ಬರಿ. ತಿಳೀಲಿಲ್ಲಂದ್ರ ಹೂಂ ಅನ್ನು." ಅವಳು ಜಾಣೆ. ಬಲು ಬೇಗ ಕಲಿತಳು. ಯಾವುದಕ್ಕೂ ಹೂಂ. ಉಂಡಿಯಾ? ಹೂಂ. ನಿನ್ನ ಹೆಸರೇನು? ಹೂಂ.

ಆಮೇಲೆ ಒಂದು ದಿನ ಅವಳು ಮನೆಯಲ್ಲಿ ಪುಸ್ತಕ ಮರೆತು ಹೋಗಿದ್ದಳು. ಕೊಡಲು ಹೋದೆ. ಅವತ್ತು ಏನೋ ಬಾಯಿ ಪರೀಕ್ಷೆ ಇತ್ತು ಎಂದು ಅವಳನ್ನು ಅವಳ ಇಯತ್ತೆಯ ಕೋಣೆಯಲ್ಲೇ ಕೂರಿಸಿದ್ದರು. ಹಿಂದಿನ ಸಾಲು. ನಾನು ಕಿಟಕಿಯ ಹತ್ತಿರ ನಿಂತೆ. ಅಕ್ಕೋರು ಬೋರ್ಡಿನ ಕಡೆ ಮುಖ ಮಾಡಿ ಏನೋ ಬರೆಯುತ್ತ, ತಿರುಗದೆಯೇ ಅವಳ ಹೆಸರು ಹಿಡಿದು ಒಂದು ಪ್ರಶ್ನೆ ಕೇಳಿದರು. ರವಿವಾರದ ಮರುದಿನ ಯಾವುದು, ಅಷ್ಟೇ. ಅಷ್ಟು ಸಸಾರದ ಪ್ರಶ್ನೆ. ಕಿಟಕಿಯ ಬಾಜೂ ನನ್ನ ಎಡಗಿವಿ ಇತ್ತು, ನನಗೇ ಕೇಳಿತು. ಬಾಜೂಕಿನ ಹುಡುಗ ಮೊಳಕೈಯಿಂದ ತಿವಿದ ಮೇಲೆ ನಮ್ಮವಳು ಎದ್ದು ನಿಂತಳು. ಅತ್ತ ಇತ್ತ ನೋಡಿದಳು. ಕಿಟಕಿಯಲ್ಲಿ ನಾನು ಅವಳ ಕಣ್ಣಿಗೆ ಬಿದ್ದೆ.

ಅವಳ ಮುಖ ಅರಳಿತು. ನನ್ನ ಬಾಯಿ ನೋಡುತ್ತ ನಿಂತಳು.

ಶಿಬಿರದಲ್ಲಿ ನೋಡಿದಂತೆಯೇ. ಆಯಿ ಇದ್ದಾಳೆ, ದಾಟಿಸುತ್ತಾಳೆ. "ಸೋಮವಾರ" ಎನ್ನುವುದಕ್ಕೆ ತುಟಿಗೆ ಎಷ್ಟು ಕೆಲಸ? ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವಳು ಕಾದಳು. ನಾನು ಮುಚ್ಚಿಕೊಂಡೇ ನಿಂತೆ. ಆಮೇಲೆ ಅವಳು ಅಕ್ಕೋರ ಬೆನ್ನಿನ ಕಡೆ ತಿರುಗಿ, "ಹೂಂ," ಎಂದಳು.

ಕೋಣೆಯೆಲ್ಲ ನಕ್ಕಿತು. ಅವಳಿಗೆ ನಗು ಕೇಳಲಿಲ್ಲ. ಎಲ್ಲರ ಹಲ್ಲು ಕಂಡವು. ತಾನೂ ನಕ್ಕಳು.

ನಾನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದೆ. "ಅಕ್ಕೋರ, ಹೊರಗ ಬರ್ರಿ ಒಂದೀಟ," ಎಂದೆ.

"ಪರೀಕ್ಷಾ ನಡದೈತಿ, ಆಯಿ. ಆಮ್ಯಾಲೆ ಜಗಳಾಡೂಣಂತ."

"ಜಗಳಲ್ರಿ. ಇಕಿಗಿ ಕೇಳಸಂಗಿಲ್ಲ."

"ಮತ್ತ ಶಿಬಿರದಾಗ ಎಲ್ಲಾ ಬರೋಬ್ಬರಿ ಹೇಳಿದ್ಳಂತಲ್ಲ?"

"ಇಕಿಗಿ ಕೇಳಿಲ್ರಿ. ನನಗೂ ಕೇಳಿಲ್ಲ. ಆ ತಮ್ಮನ ಬಾಯಿ ನಾ ನೋಡಿದ್ನಿ, ನನ್ನ ಬಾಯಿ ಇಕಿ ನೋಡಿದ್ಳು."

ಅಕ್ಕೋರಿಗೆ ಮೊದಲು ತಿಳಿಯಲಿಲ್ಲ. ಪಡಸಾಲೆಗೆ ಕರೆದುಕೊಂಡು ಹೋಗಿ ಮತ್ತೆ ಹೇಳಿದೆ, ಗಿರಣಿಯ ಮಾತಿನಿಂದ ಹಿಡಿದು. ತಿಳಿದ ಮೇಲೆ ಅವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದು ತಯಾರಾಗಿ ನಿಂತಿದ್ದೆ. ಅವರು ಬೈಯಲಿಲ್ಲ.

"ಆಯಿ, ನಾ ಆ ಕೂಸಿಗಿ ಹೊಡದೀನ್ರಿ," ಎಂದರು. "ಕರದ್ರ ಬರಲಿಲ್ಲಂತ ಕೈಮ್ಯಾಲೆ ಪಟ್ಟಿಲೆ ಹೊಡದೀನಿ. ಸೊಕ್ಕಂತ ತಿಳದಿದ್ನಿ. ಮೊದಲ ಹೇಳಿದ್ರ ಹೊಡೀತಿದ್ನೇನ್ರಿ ನಾನು?"

"ಹೊಡದಾವ್ರ ನೀವು. ಹೊಡಸಿದಾಕಿ ನಾನು," ಎಂದೆ. ಬೇರೆ ಏನು ಹೇಳಲಿ? ಹುಡುಗಿ ಹೊಡೆತದ ಮಾತನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ.

ಹೆಡ್ ಮಾಸ್ತರರು ಮಾತ್ರ ಬೈದರು, ತಣ್ಣಗೆ. ಮುಂದಿನ ಶಿಬಿರ ಬರುವ ವರ್ಷ, ಅಲ್ಲಿಯವರೆಗೆ ತಾವು ಏನೂ ಮಾಡಲು ಬರುವುದಿಲ್ಲ ಎಂದರು. "ಹುಡುಗಾಟ ಮಾಡೂ ವಯಸ್ಸೇನ್ರಿ ನಿಮ್ಮದು?" ಎಂದರು. ಆ ಮಾತಿಗೆ ನಾನು ಅರ್ಹಳೇ. ಆದರೆ ಬರುವ ವರ್ಷ ಎಂಬುದನ್ನು ಒಪ್ಪಲಿಲ್ಲ. ಹುಡುಗಿ ಅದಾಗಲೇ ಸಾಲಿಗೆ ಹೋಗುವ ಹೊತ್ತಿಗೆ ಹೊಟ್ಟೆನೋವು ಎನ್ನಲು ಶುರು ಮಾಡಿದ್ದಳು. ಇನ್ನೊಂದು ವರ್ಷ ಚಿಕ್ಕ ಮಕ್ಕಳ ನಡುವೆ ಕೂತರೆ ಸಾಲಿ ಬಿಟ್ಟೇಬಿಡುತ್ತಿದ್ದಳು. ಗಿರಣಿ ಕೆಲಸಗಾರರ ನಮ್ಮ ಚಾಳಿನಲ್ಲಿ ಸಾಲಿ ಬಿಟ್ಟ ಹುಡುಗಿಯರು ಏನಾಗುತ್ತಾರೆ ನನಗೆ ಗೊತ್ತು. ನಾನೂ ಹಾಗೆ ಬಿಟ್ಟವಳೇ. ಈ ಅಕ್ಷರಗಳನ್ನು ಕೂಡಿಸಿ ಬರೆಯಲು ನನಗೆ ಎಷ್ಟು ತ್ರಾಸಾಗುತ್ತದೆ ಎಂಬುದು ನನಗೇ ಗೊತ್ತು.

ಮರುದಿನವೇ ಹುಡುಗಿಯ ಕೈ ಹಿಡಿದು ಗೋಕಾಕದ ಶಿಕ್ಷಣ ಕಚೇರಿಗೆ ಹೋದೆ. ಇಂಥ ಮಕ್ಕಳನ್ನು ನೋಡಲು ಸಾಲಿಯಿಂದ ಸಾಲಿಗೆ ತಿರುಗುವ ಒಬ್ಬ ಮೇಡಂ ಅಲ್ಲಿದ್ದಾರೆ ಎಂದು ಅಕ್ಕೋರೇ ಹೇಳಿ ಕಳಿಸಿದ್ದರು. ಮೇಡಂ ಹೊರಗೆ ಹೋಗಿದ್ದರು. ಕಟ್ಟೆಯ ಮೇಲೆ ಕುಳಿತೆವು. ಕಚೇರಿಯ ಸಿಪಾಯಿ ಬಂದು ನಾಳೆ ಬರ್ರಿ ಎಂದ. ನಾಳೆಯೂ ಇಲ್ಲೇ ಕೂರುತ್ತೇನೆ, ಇವತ್ತೂ ಕೂರುತ್ತೇನೆ, ನಿನಗೇನು ತ್ರಾಸು ಎಂದೆ. ಸಂಜೆಯ ಹೊತ್ತಿಗೆ ಮೇಡಂ ಬಂದರು. ಎಲ್ಲ ಹೇಳಿದೆ. ಅವರು ಹುಡುಗಿಯ ಬೆನ್ನ ಹಿಂದೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿದರು, ಒಮ್ಮೆ ಹೆಸರು ಹಿಡಿದು ಕರೆದರು. ಹುಡುಗಿ ನನ್ನ ಬಾಯಿ ನೋಡಿದಳು. ನಾನು ನೆಲ ನೋಡಿದೆ.

"ಬರೂ ವಾರ ಹುಕ್ಕೇರ್ಯಾಗ ಶಿಬಿರ ಐತಿ," ಎಂದರು ಮೇಡಂ. "ನಿಮ್ಮ ತಾಲೂಕ ಅಲ್ಲ, ಖರೆ. ನಾ ಫೋನ್ ಹಚ್ಚಿ ಹೇಳತೇನಿ, ಕರಕೊಂಡ ಹೋಗ್ರಿ. ಖರೆ ಒಂದ ಮಾತ, ಆಯಿ. ನೀವು ಒಳಗ ಹೋಗೂದ ಬ್ಯಾಡ."

"ಹೋಗಂಗಿಲ್ರಿ. ಆಮ್ಯಾಲೆ ಕಿವುಡರ ಸಾಲಿಗಿ ಕಳಸ್ತೀರೇನು?"

"ಯಾರ ಹೇಳಿದ್ರು ನಿಮಗ? ಇಷ್ಟ ಮಾತಾಡಾಕಿ ತನ್ನ ಸಾಲ್ಯಾಗನ ಕಲೀತಾಳ. ಕಿವಿಗಿ ಮಿಷನ್ ಬೇಕು, ಮುಂದಿನ ಬೆಂಚ್ ಬೇಕು, ಕಲಸಾವ್ರ ಮಾರಿ ಕಾಣಬೇಕು. ಇಷ್ಟ."

ಇಷ್ಟೇ. ಒಬ್ಬ ಮುದುಕನ ಬಾಯಿಮಾತಿಗೆ ಅಂಜಿ ನಾನು ಹುಡುಗಿಯನ್ನು ಅಷ್ಟು ದಿನ ನೆಲದ ಮೇಲೆ ಕೂರಿಸಿದ್ದೆ. ಅಂಜಿಕೆ ಒಂದೇ ಎಂದರೂ ಸುಳ್ಳು.

ಹುಕ್ಕೇರಿಗೆ ಹೋಗಲು ಮಗಳನ್ನು ಮೂಡಲಗಿಯಿಂದ ಕರೆಸಿದೆ. ಬಸ್ಸಿನಲ್ಲಿ ಅವಳಿಗೆ ಹೇಳಿದೆ, ಕರದಂಟನ್ನೂ ಬಿಡದೆ. ಅವಳು ಚೀರಾಡಿದ್ದರೆ ನಾನೂ ಚೀರಾಡಿ ಸರಿಮಾಡಿಕೊಳ್ಳುತ್ತಿದ್ದೆ. ಅವಳು ಕಿಟಕಿಯ ಕಡೆ ತಿರುಗಿ, "ನಾ ಅವತ್ತ ಹೇಳಿದ್ನೆಲ್ಲಬೇ," ಎಂದಳು.

ಶಿಬಿರದ ಬಾಗಿಲಲ್ಲಿ ಬೆಲ್ಲದ ಬಾಗೇವಾಡಿಯ ಒಬ್ಬ ರೈತ ಮೊಮ್ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ನಿಂತಿದ್ದ. "ನಮ್ಮದ ಕಾಲಿಂದ್ರಿ. ನಿಮ್ಮದು?" ಎಂದ.

"ಕಿವೀದು."

"ಕೂಸಿಂದೋ ನಿಮ್ಮದೋ?" ನಾನು ಬಲಗಡೆಯಿಂದ ಸರಿಯಾಗಿ ಕೇಳದೆ ಅವನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆ, ಅದಕ್ಕೆ ಹಾಗೆ ಕೇಳಿದ.

"ಕೂಸಿಂದ ಕಿವಿ. ನಂದ ಬಾಯಿ," ಎಂದೆ. ಚಾಷ್ಟಿ ಎಂದುಕೊಂಡು ನಕ್ಕ.

ಹುಡುಗಿಯನ್ನು ಒಳಗೆ ಕರೆದರು. ಮಗಳು ಜೊತೆಗೆ ಹೋಗಿ ಪಕ್ಕಕ್ಕೆ ನಿಂತಳು. ಹುಡುಗಿ ಸ್ಟೂಲಿನ ಮೇಲೆ ಕುಳಿತು ಎದುರಿನ ಗೋಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ಬಾಗಿಲ ಕಡೆ ನೋಡಿದಳು, ನಾನು ಕಂಬದ ಮರೆಗೆ ಸರಿದೆ. ಅವಳು ಮತ್ತೆ ಗೋಡೆಯ ಕಡೆ ತಿರುಗಿದ ಮೇಲೆ ಇಣುಕಿದೆ. ಈ ಸಲ ಒಬ್ಬ ಹೆಣ್ಣುಮಗಳು ಹಿಂದೆ ನಿಂತು ಶಬ್ದ ಹೇಳುತ್ತಿದ್ದಳು. ಬಾಗಿಲ ಓರೆಯಿಂದ ಅವಳ ತುಟಿ ನನಗೆ ಕಾಣುತ್ತಿತ್ತು. ಮಾವು. ಕಾದಳು. ಬಾಳೆ. ಕಾದಳು. ಹುಡುಗಿಯ ಬೆನ್ನು ಅಲುಗಲಿಲ್ಲ. ಹೇಳಿದಂತೆ ಹೇಳು ಎಂದು ಮುಂದೆ ಬಂದು ಮತ್ತೆ ತಿಳಿಸಿ ಹಿಂದೆ ಹೋದಳು. ಪುಸ್ತಕ. ಹುಡುಗಿ ಒಮ್ಮೆ "ಹೂಂ" ಎಂದಿರಬೇಕು, ಆ ಹೆಣ್ಣುಮಗಳು ತಲೆ ಅಲ್ಲಾಡಿಸಿದಳು.

ಅವಳು ನಪಾಸಾಗಲಿ ಎಂದೇ ನಾನು ಅಷ್ಟು ದೂರ ಬಂದದ್ದು. ಆದಳು. ಹೊರಗೆ ಬಂದವಳು ನನ್ನ ಮುಖ ನೋಡಿ, "ನೀ ಎಲ್ಲಿ ಹೋಗಿದ್ದಿ?" ಎಂದು ಚೀರಿದಳು. ಅವಳಿಗೆ ತಾನು ಎಷ್ಟು ಜೋರಾಗಿ ಚೀರಿದೆ ಎಂದು ತಿಳಿಯುವುದಿಲ್ಲ. ನಿಂತವರೆಲ್ಲ ತಿರುಗಿ ನೋಡಿದರು.

ಆಮೇಲೆ ಬೆಳಗಾವಿಗೆ ಕರೆಸಿ ಯಂತ್ರದಿಂದ ಪರೀಕ್ಷೆ ಮಾಡಿದರು. ಎರಡೂ ಕಿವಿ ಬಹಳ ಮಂದ ಎಂದರು. ನಾನು ಎಣ್ಣೆಯ ಮಾತು ಕೇಳಿದೆ. ಅದರಿಂದಲೇ ಎಂದು ಹೇಳಲು ಬರುವುದಿಲ್ಲ, ಅದರಿಂದಲ್ಲ ಎಂದೂ ಹೇಳಲು ಬರುವುದಿಲ್ಲ ಎಂದರು. ಮೊದಲೇ ಮಿಷನ್ ಹಾಕಿದ್ದರೆ ಮಾತು ಇನ್ನೂ ತಿದ್ದುತ್ತಿತ್ತು ಎಂದದ್ದನ್ನು ಮಾತ್ರ ಸ್ಪಷ್ಟವಾಗಿ ಹೇಳಿದರು.

ಮಿಷನ್ ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಹೆಡ್ ಮಾಸ್ತರರು ತಿಳಿದರು. ಮತ್ತೆ ಹೋದೆ. ಮಿಷನ್ ಹಾಕಿದರೂ ಹಿಂದಿನ ಸಾಲಿನಲ್ಲಿ ಕೂತರೆ ಅವಳಿಗೆ ಬರೀ ಗದ್ದಲ, ಮುಂದೆ ಕೂರಿಸಿ ಎಂದೆ. ಎತ್ತರದವಳು ಮುಂದೆ ಕೂತರೆ ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲ ಎಂದರು. "ಹಂಗಾರ ಬಾಜೂಕ ಕುಂದ್ರಸ್ರಿ, ಕಿಟಕಿ ಕಡೆ. ಅಕ್ಕೋರ ಮಾರಿಮ್ಯಾಲೆ ಬೆಳಕ ಬೀಳತೈತಿ, ಬಾಯಿ ಕಾಣತೈತಿ," ಎಂದೆ. ಹಾಗೆ ಮಾಡಿದರು. ಹುಡುಗರು ಅವಳನ್ನು ರೇಡಿಯೋ ಎಂದು ಕರೆದರು. ಅದಕ್ಕೂ ಹೋದೆ. ಮೇಡಂ ನಡುನಡುವೆ ಬಂದು ಅವಳನ್ನು ಬೇರೆ ಕೂರಿಸಿ ಓದಿಸಿದರು. ನೆಲದಿಂದ ಎದ್ದು ಅವಳು ತನ್ನ ಇಯತ್ತೆಗೆ ಬಂದಳು. ಅಕ್ಕೋರು ಈಗ ಮೊದಲು ಬರೆದು, ಸೀಮೆಸುಣ್ಣ ಕೆಳಗಿಟ್ಟು, ತಿರುಗಿ ನಿಂತು ಮಾತಾಡುತ್ತಾರೆ. ಒಮ್ಮೊಮ್ಮೆ ಮರೆಯುತ್ತಾರೆ. ಆಗ ಹುಡುಗಿ ಕೈ ಎತ್ತುತ್ತಾಳಂತೆ.

ತನ್ನ ಇಯತ್ತೆಗೆ ಬಂದಳು, ಆದರೆ ಹಿಂದೆ ಬಿದ್ದದ್ದು ಬಿದ್ದದ್ದೇ. ಅವಳ ವಾರಿಗೆಯವರು ಗಡಗಡ ಓದುವುದನ್ನು ಅವಳು ಬೆರಳಿಟ್ಟು ಓದುತ್ತಾಳೆ. ಅವಳ ಬಾಜೂ ನಾನೂ ಬೆರಳಿಟ್ಟು ಓದುತ್ತೇನೆ. ನಾವಿಬ್ಬರೂ ಈಗ ಒಂದೇ ಇಯತ್ತೆ.

ಫಾಲ್ಸಿನ ಸಪ್ಪಳ ಅವಳಿಗೆ ಈಗ ಕೇಳುತ್ತದೆಯೇ ಎಂದು ಮಂದಿ ಕೇಳುತ್ತಾರೆ. ಕೇಳುತ್ತದೆ. ಹೊಳೆ ತುಂಬಿದಾಗ ಅವಳು ಮಿಷನ್ ತೆಗೆದಿಡುತ್ತಾಳೆ. ಫ್ಯಾನಿನ ಸಪ್ಪಳ, ಪಾತ್ರೆಯ ಸಪ್ಪಳ, ನನ್ನ ಕೆಮ್ಮು, ಯಾವುದೂ ಅವಳಿಗೆ ಬೇಕಾಗಿಲ್ಲ. ನಾನು ಈಗ ಬೇಕೆಂದೇ ಅವಳಿಗೆ ಬೆನ್ನು ಮಾಡಿ ಮಾತಾಡುತ್ತೇನೆ, ಕಿವಿಯಿಂದ ಕೇಳುವುದು ರೂಢಿಯಾಗಲಿ ಎಂದು. ಮೇಡಂ ಹಾಗೆ ಮಾಡಲು ಹೇಳಿದ್ದಾರೆ. ನನ್ನ ರೂಢಿ ಮುರಿಯುವುದು ಅವಳದಕ್ಕಿಂತ ಕಠಿಣ.

ಮೊನ್ನೆ ರೊಟ್ಟಿ ಬಡಿಯುತ್ತಿದ್ದೆ. ಹುಡುಗಿ ನನ್ನ ಬೆನ್ನ ಹಿಂದೆ, ಬಾಗಿಲ ಹತ್ತಿರ ಕುಳಿತಿದ್ದಳು. ಮಿಷನ್ ಹಾಕಿಕೊಂಡಿದ್ದಳು. ಒಮ್ಮೆಲೆ, "ಆಯಿ, ಮೊದಲನೇ ಶಿಬಿರದಾಗ ನನಗ ಯಾಕ ಹೇಳಿಕೊಟ್ಟಿ?" ಎಂದಳು.

ನನ್ನ ಎಡಗಿವಿ ಬಾಗಿಲ ಕಡೆಗೇ ಇತ್ತು. ಪೂರಾ ಕೇಳಿತು. ನಾನು ಕೇಳದವಳಂತೆ ರೊಟ್ಟಿ ಬಡಿದೆ. ಮುದುಕಿ, ಕಿವಿ ಮಂದ, ನಂಬುತ್ತಾಳೆ ಎಂದುಕೊಂಡೆ. ಅಷ್ಟೆಲ್ಲ ಆದ ಮೇಲೂ ಹಾಗೆ ಮಾಡಿದೆ.

ಅವಳು ಎದ್ದು ಬಂದಳು. ಒಲೆಯನ್ನು ಸುತ್ತಿಕೊಂಡು ಬಂದು ನನ್ನ ಭುಜ ಮುಟ್ಟಿ, ಎದುರಿಗೆ ಕುಳಿತು, ದನಿ ತೆಗೆಯದೆ ಬರೀ ತುಟಿ ಆಡಿಸಿದಳು. ಯಾಕ ಹೇಳಿಕೊಟ್ಟಿ.

ಮುಖದ ಮುಂದೆ ನಿಂತು ಕೇಳಿದರೆ ಉತ್ತರ ಕೊಡಲೇಬೇಕು. ಅದನ್ನು ಅವಳಿಗೆ ಕಲಿಸಿದವಳು ನಾನೇ.

"ಮಂದಿ ನಿನ್ನ ಕಿವುಡಿ ಅಂದ್ರ ನನಗ ನಾಚಿಕಿ ಆಕ್ಕಿತ್ತು," ಎಂದೆ. ದನಿ ತೆಗೆದೇ ಹೇಳಿದೆ.

ಅವಳು ನನ್ನ ಬಾಯನ್ನು ಇನ್ನೂ ತುಸು ಹೊತ್ತು ನೋಡಿದಳು, ಮತ್ತೇನಾದರೂ ಇದೆಯೇನೋ ಎಂದು. ನನಗೆ ಮತ್ತೂ ಹೇಳುವುದಿತ್ತು. ತಪ್ಪಾಯಿತು ಎನ್ನುವುದಿತ್ತು. ಅಷ್ಟರಲ್ಲಿ ಅವಳು ಕಿವಿಯಿಂದ ಮಿಷನ್ ಬಿಚ್ಚಿ ಗೂಡಿನಲ್ಲಿಟ್ಟಳು, ಪುಟ್ಟಿಯಿಂದ ರೊಟ್ಟಿ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತು ತಿನ್ನತೊಡಗಿದಳು.

ಹೇಳಿದೆ. ಅವಳ ಬೆನ್ನಿಗೆ ಹೇಳಿದೆ.